ಮುಚ್ಚಿದ ಹಗೇವು

ಸುಳ್ಳು ಹೇಳಬಾರದು ಎಂಬುದು ಅಪ್ಪ ಕಲಿಸಿದ ಮೊದಲ ಪಾಠ. ಎರಡನೆಯದನ್ನು ಆತ ಬಾಯಿಬಿಟ್ಟು ಕಲಿಸಲಿಲ್ಲ. ಎರಡಕ್ಕೂ ತಾಳೆಯಾಗುವುದಿಲ್ಲವಲ್ಲ ಎಂಬ ಸಿಟ್ಟು ನನಗೆ ಈ ವಯಸ್ಸಿನಲ್ಲೂ ಇದೆ.

ಐವತ್ತರ ದಶಕ. ಹೊಳೆಆಲೂರಿನ ನಮ್ಮ ಓಣಿಗೆ ಅಪ್ಪನೇ ಹಿರಿಯ. ಒಂದು ಮಳೆಗಾಲ ಮಲಪ್ರಭೆ ಉಕ್ಕಿದಾಗ, ದನಕರು ಹೊಡೆದುಕೊಂಡು ಎಲ್ಲರೂ ರೈಲ್ವೆ ಸ್ಟೇಷನ್ನಿನ ದಿಬ್ಬಕ್ಕೆ ನಡೆಯಿರಿ ಎಂದ. ಎಲ್ಲರ ಜೋಳ ನೆಲದೊಳಗಿನ ಹಗೇವಿನಲ್ಲಿತ್ತು. ಅದರ ಬಾಯಿ ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ಆಮೇಲೆ ಇಳಿಯಬೇಕು. ಹೊಳೆ ಅಷ್ಟು ಹೊತ್ತು ಕಾಯುತ್ತದೆಯೇ? ಅಪ್ಪ ನಮ್ಮ ಹಗೇವಿನ ಬಾಯಿಗೆ ಮುಚ್ಚಿದ ಕಲ್ಲನ್ನು ಮುಟ್ಟಲೂ ಇಲ್ಲ. ಹೊಲದಿಂದ ಓಡಿಬಂದ ಪಕ್ಕದ ಮನೆಯ ಕಾಕಾ ಮಾತ್ರ ತನ್ನದನ್ನು ತೆಗೆಯಲು ಗುದ್ದಲಿ ಹಿಡಿದ.

“ನಿನ್ನ ಜ್ವಾಳಾ ಆಗಲೇ ತಗಸೇವಿ, ಸ್ಟೇಷನ್ನಿಗೆ ಹೋಗೇತಿ. ನಡೀ ಲಗೂ!” ಎಂದ ಅಪ್ಪ.

ಯಾರೂ ತೆಗೆಸಿರಲಿಲ್ಲ. ನಾನು ಅಪ್ಪನ ಮುಖವನ್ನೇ ನೋಡುತ್ತ ನಿಂತೆ.

ಕಾಕಾ ನಂಬಿ ಬಂದ, ಬದುಕಿದ. ಸಂಜೆಗೆ ಆತನ ಮನೆ ಬಿತ್ತು. ನೀರು ಇಳಿದ ಮೇಲೆ ನೋಡಿದರೆ ಎರಡೂ ಹಗೇವಿನ ಜೋಳ ಕೊಳೆತು ನಾರುತ್ತಿತ್ತು.

“ಜೀವಾ ಉಳಿಸಿದಿ, ಖರೆ. ಸುಳ್ಳ ಯಾಕ ಹೇಳಿದಿ?” ಎಂದು ಕೇಳಿದ ಕಾಕಾ ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟ.

ಮರುವರ್ಷ ಹೊಳೆ ಮತ್ತೆ ಏರಿತು. “ಅಂವಾ ನನ್ನ ಮಾತ ನಂಬೂದಿಲ್ಲ. ನೀ ಹೋಗಿ ಖರೇ ಇದ್ದದ್ದು ಹೇಳವಾ,” ಎಂದು ಅಪ್ಪ ನನ್ನನ್ನು ಕಳಿಸಿದ.

ಕಾಕಾ ಕಟ್ಟೆ ಬಿಟ್ಟು ಏಳಲಿಲ್ಲ. “ನಿಮ್ಮಪ್ಪ ಕಳಿಸ್ಯಾನೇನು?”

“ಹೌದ್ರಿ ಕಾಕಾ.”

ಆತ ನಕ್ಕುಬಿಟ್ಟ. ನನಗೆ ಅಳು ಬಂತು. ಆಮೇಲೆ ಕಾಕಾ ಏನೋ ಯೋಚಿಸಿ, “ನಿಮ್ಮ ಹಗೇವು ತಗದಾನೇನು?” ಎಂದ.

“ಇಲ್ರಿ. ಮುಚ್ಚಿದ್ದು ಮುಚ್ಚಿದಂಗ ಐತ್ರಿ.”

ಕಾಕಾ ಎದ್ದ. “ತನ್ನ ಜ್ವಾಳಾ ಬಿಟ್ಟು ಹೊಂಟಾನಂದ್ರ ಹೊಳಿ ಬರೂದು ಖರೇನ,” ಎನ್ನುತ್ತ ಎತ್ತು ಬಿಚ್ಚಿದ. ನಾವು ದಿಬ್ಬ ಹತ್ತುವ ಹೊತ್ತಿಗೆ ನೀರು ಓಣಿಗೆ ನುಗ್ಗಿತ್ತು.

ಸ್ಟೇಷನ್ನಿನಲ್ಲಿ ಅಪ್ಪನಿಗೆ ಎಲ್ಲವನ್ನೂ ಹೆಮ್ಮೆಯಿಂದ ಹೇಳಿದೆ. ಅಪ್ಪನ ಮುಖ ಸಪ್ಪಗಾಯಿತು. “ನಮ್ಮ ಹಗೇವು ಖಾಲಿ ಐತೆಂತ ಹೇಳಲಿಲ್ಲೇನು?”

ಹಿಂದಿನ ಹೊಳೆ ನಮ್ಮ ಹೊಲಕ್ಕೆ ಹೂಳು ತುಂಬಿ ಹೋಗಿತ್ತು. ಆ ವರ್ಷ ಹಗೇವಿಗೆ ಸುರಿಯುವಷ್ಟು ಜೋಳವೇ ಬಂದಿರಲಿಲ್ಲ. ಅದು ನನಗೂ ಗೊತ್ತಿತ್ತು.

“ಅವ್ರು ಕೇಳಲಿಲ್ಲ,” ಎಂದೆ.

ಅಪ್ಪ ಬೈಯಲಿಲ್ಲ, ಶಹಬ್ಬಾಸ್ ಅನ್ನಲೂ ಇಲ್ಲ. “ನಾ ಹೇಳಿದ್ದು ಸುಳ್ಳೇನಪ್ಪಾ?” ಎಂದು ಕೇಳಿದೆ. ದೂರದಲ್ಲಿ ಎತ್ತಿನ ಮೈ ಒರೆಸುತ್ತಿದ್ದ ಕಾಕಾನ ಕಡೆ ನೋಡಿ ಅಪ್ಪ, “ಮೊದಲ ಅವಂಗ ಚಾ ಕೊಟ್ಟ ಬಾ,” ಎಂದ.