ಬಿಳಿ ಉಗುರಿನ ಮೇಡಂ

ನಮ್ಮ ಪ್ರಾಣಿಶಾಸ್ತ್ರದ ಮೇಡಂ ಅವರ ಎಡಗೈ ಹೆಬ್ಬೆರಳಿನ ಉಗುರಿಗೆ ಮಾತ್ರ ಸದಾ ಬಿಳಿ ಬಣ್ಣವಿರುತ್ತಿತ್ತು; ಉಳಿದ ಒಂಬತ್ತು ಉಗುರುಗಳು ಬರಿದು. ಚಿತ್ರದುರ್ಗದ ಕಾಲೇಜಿನಲ್ಲಿ ನಾವದನ್ನು ವಿಚಿತ್ರ ಶೋಕಿಯೆಂದೇ ಬಗೆದಿದ್ದೆವು. ರಾಣಿಜೇನಿನ ಬೆನ್ನ ಮೇಲೆ ಗುರುತಿನ ಚುಕ್ಕೆಯಿಡುವ ಮುನ್ನ, ಬಣ್ಣ ಎಷ್ಟು ಬೇಗ ಒಣಗುವುದೆಂದು ಅವರು ತಮ್ಮ ಉಗುರಿನ ಮೇಲೆ ಪರೀಕ್ಷಿಸುತ್ತಿದ್ದರೆಂಬುದು ಆಮೇಲೆ ತಿಳಿಯಿತು.

ಜೇನು ಕುಟುಂಬದ ಆರೋಗ್ಯಕ್ಕೂ ಅದರ ರಾಣಿಗೂ ಇರುವ ಸಂಬಂಧ ಅವರ ಸಂಶೋಧನೆಯ ವಿಷಯ. ರಾಮಗಿರಿಯ ಬೆಟ್ಟದ ಬುಡದಲ್ಲಿ ಅವರ ಪೆಟ್ಟಿಗೆಗಳಿದ್ದವು. ತೂತು ಮಾಡಿದ ಬೆಂಕಿಪೊಟ್ಟಣದಲ್ಲಿ ರಾಣಿಯನ್ನಿಟ್ಟುಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದರು. ಒಮ್ಮೆ ಕಂಡಕ್ಟರು, "ಏನೈತ್ರೀ ಮೇಡಂ ಅದ್ರಾಗೆ?" ಎಂದಾಗ, "ರಾಣಿ ಅವ್ಳೆ ಕಣಪ್ಪ, ಹಾಫ್ ಟಿಕೆಟ್ ಕೊಡ್ತೀಯಾ?" ಎಂದಿದ್ದರು.

ಪದವಿ ಮುಗಿದ ಮೇಲೆ ನಾನು ಶ್ರೀರಾಂಪುರದ ಬಳಿಯ ಹಳ್ಳಿಯೊಂದರಲ್ಲಿ, ಕುರಿ ಸಾಕುವ ಮನೆಗಳ ಹೆಣ್ಣುಮಕ್ಕಳ ಸಂಘ ಕಟ್ಟಿ ಜೇನು ಸಾಕಣೆ ಆರಂಭಿಸಿದೆ. ಉತ್ತಮದಿಂದಲೇ ಉತ್ತಮ ಹುಟ್ಟುತ್ತದೆಂಬುದು ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನ್ನ ತರ್ಕ. ಆದ್ದರಿಂದ ಅತ್ಯುತ್ತಮವೆನಿಸಿದ ಒಂದೇ ಕುಟುಂಬವನ್ನು ಪಾಲು ಮಾಡುತ್ತ ಹತ್ತು ಪೆಟ್ಟಿಗೆ ತುಂಬಿಸಿದೆ. ಎರಡನೆಯ ವರ್ಷ ಅವು ಒಂದೊಂದಾಗಿ ಸೊರಗತೊಡಗಿದವು. ಹೆಣ್ಣುಮಕ್ಕಳ ಶ್ರಮವೆಲ್ಲ ವ್ಯರ್ಥವಾಗುವ ಹೊತ್ತು. ಪಕ್ಕದ ದಾಳಿಂಬೆ ತೋಟದವರು ಔಷಧಿ ಹೊಡೆಯುತ್ತಿದ್ದರು, ಅಪರಾಧಿ ಸಿಕ್ಕನೆಂದುಕೊಂಡೆ. ಊರಿನ ಸಭೆ ಕರೆದು, ನಾಲ್ಕು ಹಾಳೆಯ ಭಾಷಣ ಬರೆದು, ಸಾಕ್ಷಿ ನುಡಿಯಲೆಂದು ಮೇಡಂ ಅವರನ್ನೂ ಕರೆಸಿದೆ.

ಅವರು ಬಂದವರೇ ಕೇಳಿದರು: "ಪೆಟ್ಟಿಗೆ ಮುಂದೆ ಸತ್ತ ಜೇನ್ನೊಣ ಎಷ್ಟು ಬಿದ್ದಿದ್ವು?"

"ನೋಡಿಲ್ಲ ಮೇಡಂ."

"ಯಾವತ್ತು ಔಷಧಿ ಹೊಡದ್ರಿ ಅಂತ ತೋಟದೋರ್ನ ಕೇಳ್ದ್ಯಾ?"

"ಇಲ್ಲ."

"ಏನಪ್ಪ ಭಾಷಣಕಾರ, ತೀರ್ಪು ಮಾತ್ರ ರೆಡಿ ಐತೆ!"

ಸಭೆಯನ್ನು ಅವರು ಪೆಟ್ಟಿಗೆಗಳ ಬಳಿಗೇ ಕರೆದೊಯ್ದರು. ದಾಳಿಂಬೆ ತೋಟದವರೂ ಮುಖ ಗಂಟಿಕ್ಕಿಕೊಂಡು ಹಿಂದೆ ಬಂದರು. ಮೇಡಂ ಒಂದು ಎರಿಯನ್ನು, ಮೇಣದ ಕೋಣೆಗಳ ಹಲ್ಲೆಯನ್ನು, ಮೇಲೆತ್ತಿ ಬಿಸಿಲಿಗೆ ಹಿಡಿದರು. ಒತ್ತೊತ್ತಾಗಿ ತುಂಬಿರಬೇಕಿದ್ದ ಮರಿಗಳ ನಡುವೆ, ಹಲ್ಲುದುರಿದ ಬಾಯಿಯಂತೆ ಅಲ್ಲಲ್ಲಿ ಖಾಲಿ ಕೋಣೆಗಳು.

"ಔಷಧಿಯಿಂದಾದ್ರೆ ಪೆಟ್ಟಿಗೆ ಮುಂದೆ ಸತ್ತ ನೊಣದ ರಾಶಿ ಇರ್ತಿತ್ತು, ಇಲ್ಲಿಲ್ಲ. ರಾಣಿ ಎಲ್ಲಾ ಕೋಣೇಲೂ ಮೊಟ್ಟೆ ಇಟ್ಟವ್ಳೆ. ಆದ್ರೆ ಹತ್ತೂ ಪೆಟ್ಟಿಗೆ ಒಂದೇ ಮನೆತನ. ಹತ್ತಿರದ ಸಂಬಂಧದ ಗಂಡುಗಳ ಜೊತೆ ರಾಣಿ ಕೂಡಿದ್ರೆ ಎಷ್ಟೋ ಮರಿ ಸರಿ ಇರಲ್ಲ. ಅವನ್ನ ನೊಣಗಳೇ ತೆಗೆದು ಹಾಕ್ತವೆ."

ಸಂಘದ ಹಿರಿಯಜ್ಜಿ ನಕ್ಕುಬಿಟ್ಟರು. "ಅಯ್ಯೋ, ಮಂದೇಲಿ ಹುಟ್ಟಿದ ಟಗರನ್ನೇ ಮಂದೆಗೆ ಬಿಟ್ಟಂಗಾತಲ್ಲೋ! ನಾವು ಬ್ಯಾರೆ ಊರಿನ ಟಗರು ತರ್ತೀವಿ. ಇಷ್ಟು ಓದ್ಕಂಡೋನಿಗೆ ಗೊತ್ತಾಗ್ಲಿಲ್ವಾ?"

"ನೀವಾದ್ರೂ ಹೇಳಬಾರ್ದಾ ಅಜ್ಜಿ?" ಎಂದೆ.

"ನೀನೆಲ್ಲಿ ಕೇಳ್ದೆ? ನೀನೇ ಮಾತಾಡ್ತಿದ್ದೆ."

"ತಡೀರಿ ಅಜ್ಜಿ, ಬರ್ಕಂತೀನಿ. ಇಷ್ಟು ವರ್ಷ ಪಾಠ ಮಾಡಿದೀನಿ, ಇಷ್ಟು ಚೆಂದಾಗಿ ಹೇಳೋಕೆ ಬರ್ಲಿಲ್ಲ" ಎಂದ ಮೇಡಂ, ನನ್ನ ಕೈಯಲ್ಲಿದ್ದ ಭಾಷಣದ ಮೊದಲ ಹಾಳೆಯನ್ನೇ ಎಳೆದುಕೊಂಡು, ಮಗುಚಿ, ಅಜ್ಜಿಯ ಮಾತನ್ನು ಅಕ್ಷರಶಃ ಬರೆದುಕೊಂಡರು. ಕೆಳಗೆ ಎರಿಯ ಚಿತ್ರ ಬಿಡಿಸಿ ಖಾಲಿ ಕೋಣೆಗಳನ್ನು ಗುರುತಿಸಿದರು. ಆಮೇಲೆ ಹಾಳೆಯನ್ನು ನನಗೆ ಹಿಂದಿರುಗಿಸಿದರು.

ಮುಂದೆ ರಾಮಗಿರಿಯಿಂದಲೂ ಯಲ್ಲದಕೆರೆಯಿಂದಲೂ ಬೇರೆ ಬೇರೆ ಕುಟುಂಬಗಳನ್ನು ತಂದೆವು. ಹೊಸ ರಾಣಿಗಳು ಬಂದ ಮೇಲೆ ಎರಿಗಳು ತುಂಬಿದವು. ದಾಳಿಂಬೆ ತೋಟದವರು ಹೂವಿನ ಕಾಲಕ್ಕೆ, ಕಾಯಿ ಚೆನ್ನಾಗಿ ಕಚ್ಚಲೆಂದು, ತಾವಾಗಿಯೇ ಎರಡು ಪೆಟ್ಟಿಗೆ ಕೇಳಿ ಇರಿಸಿಕೊಳ್ಳುತ್ತಾರೆ. ಔಷಧಿ ಹೊಡೆಯುವ ಹಿಂದಿನ ದಿನವೇ ಫೋನು ಮಾಡುತ್ತಾರೆ.

ಮೇಡಂ ಈಗ ನಿವೃತ್ತರು. ಉಗುರಿನ ಬಿಳಿ ಮಾತ್ರ ಮಾಸಿಲ್ಲ. ನಾನೂ ಸಭೆಗಳಲ್ಲಿ ಮಾತನಾಡುವುದನ್ನು ಬಿಟ್ಟಿಲ್ಲ. ಆ ಹಾಳೆ ನನ್ನ ಚೀಲದಲ್ಲಿದೆ. ಅದರ ಒಂದು ಬದಿಯಲ್ಲಿ, ನಿರಪರಾಧಿಯೊಬ್ಬರ ಮೇಲೆ ನಾನು ಹೊರಿಸಲಿದ್ದ ಆರೋಪ. ಇನ್ನೊಂದು ಬದಿಯಲ್ಲಿ ಅಜ್ಜಿಯ ಟಗರು. ಮಾತಿಗೆ ಏಳುವ ಮುನ್ನ ಅಜ್ಜಿಯ ಬದಿಯನ್ನು ಒಮ್ಮೆ ಓದಿಕೊಳ್ಳುತ್ತೇನೆ. ಎಷ್ಟೋ ಸಲ ಏಳುವುದನ್ನೇ ಬಿಟ್ಟು, ಪಕ್ಕದಲ್ಲಿ ಕೂತವರನ್ನು ಕೇಳತೊಡಗುತ್ತೇನೆ.