ಶೀಟಿನ ಮೇಲೆ ಇಲಿ ಇರಲಿಲ್ಲ

ಆ ಅಡುಗೆಮನೆಯ ತಾರಸಿ ಒಂದಲ್ಲ ಒಂದು ದಿನ ಕಳಚಿ ಬೀಳುತ್ತದೆ ಅಂತ ನನಗೆ ಗೊತ್ತಿತ್ತು, ನಾಗರತ್ನ. ಗೊತ್ತಿದ್ದೇ ನಿನ್ನನ್ನು ಅದರ ಕೆಳಗೆ ಒಲೆ ಹಚ್ಚಲು ಬಿಟ್ಟೆ. ಆರು ವರ್ಷದಿಂದ ಇದನ್ನು ನುಂಗಿಕೊಂಡು ಕೂತಿದ್ದೇನೆ. ಇನ್ನು ಆಗುವುದಿಲ್ಲ.

ಪಾಂಡವಪುರದ ಈ ಮನೆಯನ್ನು ನಮ್ಮಪ್ಪ ಕಟ್ಟಿಸಿದ್ದು ನಿನಗೆ ಗೊತ್ತು. ಹಿಂದಿನ ಭಾಗದಲ್ಲಿ ನಾನೊಬ್ಬಳೇ, ಮುಂದಿನ ಭಾಗ ಬಾಡಿಗೆಗೆ. ನೋಡಲು ಬಂದ ದಿನ ನಿನಗೆ ಎಲ್ಲ ಒಪ್ಪಿಗೆಯಾಗಿತ್ತು, ಅಡುಗೆಮನೆಯಲ್ಲಿ ಮಾತ್ರ ನೀನು ತಲೆಯೆತ್ತಿ ನೋಡಿದೆ. ಸೌದೆ ಒಲೆಯ ಕಾಲದ ಮಸಿ ಅಲ್ಲಿ ಹಾಗೇ ಹೆಪ್ಪುಗಟ್ಟಿತ್ತು. “ಎಲ್ಲ ಚೆಂದಾಗದೆ ಅಮ್ಮ. ಮ್ಯಾಲಿಂದ ಮಸಿ ಉದುರ್ತದಲ್ಲ, ಅದೊಂದ ಸರಿ ಮಾಡ್ಸ್‌ಕೊಟ್ಬುಡಿ. ನಂದು ಓಳಿಗೆ ಯಾಪಾರ, ಕಣಕದ ಮ್ಯಾಲೆ ಬಿದ್ರೆ ಯಾರ್ ತಗತಾರೆ?” ಅಂದೆ. ನ್ಯಾಯವಾದ ಮಾತು. ಮಾರನೆಯ ದಿನವೇ ಗಾರೆ ಮೇಸ್ತ್ರಿಯನ್ನು ಕರೆಸಿದೆ.

ಅವನು ಸ್ಟೂಲು ಹತ್ತಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಒಂದು ಕಡೆ ಗಟ್ಟಿ ಸದ್ದು, ಒಲೆಯ ನೇರಕ್ಕೆ ಬರುತ್ತಿದ್ದಂತೆ ಟೊಳ್ಳು ಸದ್ದು. ನನಗೂ ಕೇಳಿಸಿತು— ಕೇಳಿಸಲಿಲ್ಲ ಅಂತ ಹೇಗೆ ಹೇಳಲಿ? “ಮೇಡಮ್ಮೋರೆ, ಒಳಗೆ ಕಂಬಿ ತುಕ್ಕಿಡ್ದು ಊದ್ಕಂಡವೆ. ಕೆತ್ತಿ ತಗ್ದು ಒಸ್ದಾಗಿ ಗಾರೆ ಕಟ್ಬೇಕು. ಅದಿನೈದು ದಿನದ ಕೆಲ್ಸ. ಅಲ್ಲೀಗಂಟ ಯಾರ್ನೂ ಇದ್ರ ಕೆಳ್ಗೆ ಬುಡ್ಬ್ಯಾಡಿ” ಅಂದ. ನನಗೆ ಎಲ್ಲಿತ್ತೋ ಸಿಟ್ಟು! ಕಚೇರಿಯಲ್ಲಿ ಮೂವತ್ತು ವರ್ಷ ಯಾರ ಮಾತೂ ಕೇಳದೆ ಬಂದವಳು ನಾನು. “ನಮ್ಮಪ್ಪ ಎದುರಿಗೆ ನಿಂತು ಕಟ್ಟಿಸಿದ ತಾರಸಿ ಕಣಯ್ಯ ಇದು. ನಿನ್ನ ಪುರಾಣ ಬೇರೆ ಕಡೆ ಹೇಳು” ಅಂದೆ. ಅವನು ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ.

ಆಷಾಢಕ್ಕೆ ಇನ್ನು ನಾಲ್ಕೇ ದಿನವಿತ್ತು. ಆ ತಿಂಗಳು ನಮ್ಮ ಕಡೆ ಯಾರೂ ಮನೆ ಬದಲಾಯಿಸುವುದಿಲ್ಲ, ಹೊಸ ಮನೆಯಲ್ಲಿ ಹಾಲುಕ್ಕಿಸುವುದಿಲ್ಲ. ಹದಿನೈದು ದಿನದ ಕೆಲಸ ಹಿಡಿದರೆ ನೀನು ಬೇರೆ ಮನೆ ನೋಡಿಕೊಳ್ಳುತ್ತೀಯ ಅನ್ನಿಸಿತು. ಅದಕ್ಕೇ ತಾರಸಿ ಕಾಣದಂತೆ ಕೆಳಗೆ ಪಿವಿಸಿ ಶೀಟು ಹಾಕುವವನನ್ನು ಶ್ರೀರಂಗಪಟ್ಟಣದಿಂದ ಕರೆಸಿದೆ. ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಅಂತ ಅವನೂ ಸತಾಯಿಸಿದ. ಅವನು ತೂತು ಕೊರೆಯುವಾಗ ಅಂಗೈಯಷ್ಟು ಗಾರೆ ಕಳಚಿಬಿತ್ತು, ಒಳಗಿನ ಕಂಬಿ ಕೆಂಪಗೆ ಕಾಣಿಸಿತು. ಅವನು ನನ್ನ ಮುಖ ನೋಡಿದ. “ನೋಡೋದೇನು? ಮುಚ್ಚಿಬಿಡು” ಅಂದೆ. ಸಂಜೆಯ ಹೊತ್ತಿಗೆ ಬೆಳ್ಳಗೆ ಹೊಳೆಯುವ ಹೊಸ ಚಾವಣಿ. ನಾನೇ ಕೆಳಗೆ ನಿಂತು ಎಷ್ಟು ಚೆನ್ನಾಗಿದೆ ಅಂದುಕೊಂಡೆ!

ಅಷ್ಟರಲ್ಲಿ ಆಷಾಢ ಹುಟ್ಟಿಬಿಟ್ಟಿತ್ತು. ನೀವು ಹಳೆಯ ಮನೆ ಖಾಲಿ ಮಾಡಿಯಾಗಿತ್ತು, ಮಾರನೆಯ ಬೆಳಿಗ್ಗೆ ನಿಮ್ಮ ಸಾಮಾನಿನ ಟೆಂಪೋ ಗೇಟಿನ ಮುಂದೆ. ನಿಮ್ಮತ್ತೆ ಕೆಂಪಮ್ಮ ಒಳಗೆ ಕಾಲಿಡುವುದಿಲ್ಲ ಅಂತ ಹಟ ಹಿಡಿದು ಬೀದಿಯಲ್ಲೇ ಕೂತರು. ನೀನು ನನ್ನನ್ನು ನೋಡಿದೆ. “ಈ ಕಾಲದಲ್ಲೂ ಆಷಾಢ ಗೀಷಾಢ ಅಂತೀಯಲ್ಲೇ! ಬಾ, ಹಾಲು ಇಡು. ಏನಾದರೂ ಆದರೆ ನಾನಿದ್ದೀನಿ” ಅಂದೆ ನಾನು. ನೀನು ಒಳಗೆ ಬಂದೆ. ನನ್ನ ಮಾತು ನಂಬಿ ಬಂದೆ.

ದಸರಾ ಕಳೆದ ಮೇಲೆ ಒಂದು ಮಧ್ಯಾಹ್ನ ನನಗೆ ಹೋಳಿಗೆ ಕೊಡಲು ಬಂದವಳು ಹೇಳಿದೆ, “ಅಮ್ಮ, ಶೀಟಿನ ಮ್ಯಾಲೆ ಏನೋ ಪರಪರ ಅಂತದೆ. ಇಲಿ ಸೇರ್ಕಂಡವೇನೋ.” ಗಾರೆ ಉದುರುತ್ತಿದೆ ಅಂತ ಆ ಕ್ಷಣವೇ ಗೊತ್ತಾಯಿತು. ಆಗಲಾದರೂ ಬಾಯಿ ಬಿಟ್ಟಿದ್ದರೆ— ನಾನು ಒಳಗೆ ಹೋಗಿ ಅಟ್ಟದ ಮೇಲಿದ್ದ ಇಲಿಬೋನು ತಂದು ನಿನ್ನ ಕೈಗೆ ಕೊಟ್ಟೆ. ತೆಂಗಿನಕಾಯಿ ಚೂರು ಸುಟ್ಟು ಸಿಕ್ಕಿಸು ಅಂತ ಬುದ್ಧಿ ಬೇರೆ ಹೇಳಿದೆ. ನೀನು ದಿನಾ ಬೆಳಿಗ್ಗೆ ಬೋನು ನೋಡುತ್ತಿದ್ದೆ, ದಿನಾ ಬರಿದಾಗಿರುತ್ತಿತ್ತು. ನಡುವಿನಲ್ಲಿ ಶೀಟು ಜೋತುಬಿದ್ದದ್ದನ್ನು ತೋರಿಸಿದಾಗ ಒಲೆಯ ಹಬೆಗೆ ಹಾಗಾಗುತ್ತೆ ಅಂದೆ. ಆಮೇಲೆ ನಾನು ಆ ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟೆ.

ಕಾರ್ತಿಕದಲ್ಲಿ ಬಿತ್ತು. ನಾನು ಅಂಗಳದಲ್ಲಿ ಹೂ ಬಿಡಿಸುತ್ತಿದ್ದೆ. ದೊಪ್ಪನೆ ಸದ್ದು, ಆಮೇಲೆ ನಿನ್ನ ಕೂಗು. ನಾನು ಬರುವಷ್ಟರಲ್ಲಿ ನಿನ್ನ ಗಂಡ ಗಾರೆಯ ಹೆಂಟೆಯನ್ನು ಎತ್ತಿಹಾಕುತ್ತಿದ್ದ. ನಿನ್ನ ಬಲಗೈ ಮೊಣಕೈವರೆಗೆ ಜಜ್ಜಿಹೋಗಿತ್ತು. ನಿಮ್ಮತ್ತೆ ಎದೆ ಬಡಿದುಕೊಳ್ಳುತ್ತಿದ್ದರು. “ಆಸಾಡದಲ್ಲಿ ಆಲುಕ್ಸಬ್ಯಾಡ ಕಣೇ ಅಂತ ಬಡ್ಕಂಡೆ! ಕೇಳಿದ್ಲಾ ನನ್ ಮಾತ? ನೀವೇ ಏಳಿ ಅಮ್ಮಾರೆ, ಇವ್ಳು ಮಾಡಿದ್ದು ಸರಿನಾ?”

ಬೀದಿಯ ಜನ ಬಾಗಿಲಲ್ಲಿ ನಿಂತಿದ್ದರು. ಅವರಿಗೆಲ್ಲ ಕೇಳುವಂತೆ ನಾನು ಹೇಳಿದೆ: “ಹೌದು ಕಣಮ್ಮ, ಶಾಸ್ತ್ರ ಮೀರಬಾರದಿತ್ತು.”

ಆ ನೋವಿನಲ್ಲೂ ನೀನು ಕಣ್ಣುಬಿಟ್ಟು ನನ್ನನ್ನು ನೋಡಿದೆ. ಒಳಗೆ ಬಾ ಅಂದವಳು ನಾನೇ ಅಂತ ಅಲ್ಲೇ ಹೇಳಬಹುದಿತ್ತು, ನೀನು ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ— ನಾನು ಕೇಳುವ ಧೈರ್ಯ ಮಾಡಲಿಲ್ಲ. ಕೈಯ ಕಟ್ಟು ಬಿಚ್ಚುವ ಮೊದಲೇ ನೀವು ಮನೆ ಖಾಲಿ ಮಾಡಿ ಹೊಸಹೊಳಲಿಗೆ ಹೊರಟಿರಿ. ನೀವು ಹೋದ ಮೇಲೆ ಅದೇ ಮೇಸ್ತ್ರಿಯನ್ನು ಕರೆಸಿ ಎಲ್ಲ ಕೆತ್ತಿಸಿ ಹೊಸದಾಗಿ ಕಟ್ಟಿಸಿದೆ. ಅವನು ಹೇಳಿದಂತೆ ಹದಿನೈದೇ ದಿನ ಹಿಡಿಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ, ಪಾಪಿ ನಾನು. ಹೋದ ವಾರ ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕೆಂಪಮ್ಮ ಸಿಕ್ಕಿದರು. ನಿನ್ನ ಮೈದುನನ ಸಂಬಂಧ ಮುರಿದದ್ದು ನಿನ್ನಿಂದಂತೆ, ಹಸು ಸತ್ತದ್ದು ನಿನ್ನಿಂದಂತೆ. ನೀನು ಹೆತ್ತ ಮಗಳ ಸೀಮಂತದಲ್ಲಿ ನಿನ್ನನ್ನು ಹಿತ್ತಲಲ್ಲೇ ಕೂರಿಸಿದರಂತೆ. “ಆ ಮೂದೇವಿ ಕೈ ಸೋಕಿದ್ರೆ ಒಳ್ಳೇದಾಗಕಿಲ್ಲ ಅಮ್ಮಾರೆ. ನೀವೂ ಅವತ್ತು ಅದ್ನೇ ಅಂದ್ರಲ್ಲ” ಅಂದರು. ನಿನ್ನ ಮಗಳಿಗೆ ಬಳೆ ತೊಡಿಸಲು ಬಿಡಲಿಲ್ಲ, ನನ್ನ ಮಾತನ್ನು ಸಾಕ್ಷಿಗಿಟ್ಟುಕೊಂಡು. ನಾನು ಬಸ್ಸು ಬಂತು ಅಂತ ಎದ್ದುಬಂದೆ. ನನ್ನ ಬಸ್ಸು ಬಂದಿರಲಿಲ್ಲ, ರತ್ನ.

ಈ ಕಾಗದ ನಿನ್ನ ಕೈ ಸೇರಿದ ಮಾರನೆಯ ದಿನ ಹೊಸಹೊಳಲಿಗೆ ಬರುತ್ತೇನೆ. ನಿನ್ನ ಕ್ಷಮೆ ಕೇಳಲು ಅಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ನಿಮ್ಮತ್ತೆ ಮನೆಯಲ್ಲಿರಲಿ, ಮಗಳು ಅಳಿಯ ಇರಲಿ, ಅಕ್ಕಪಕ್ಕದವರೂ ಬರಲಿ. ಅವತ್ತಿನಂತೆಯೇ ಎಲ್ಲರಿಗೂ ಕೇಳುವ ಹಾಗೆ ಬಾಗಿಲಲ್ಲಿ ನಿಂತು ಹೇಳುತ್ತೇನೆ— ಇವಳ ಕೈ ಮುರಿದದ್ದು ಆಷಾಢವಲ್ಲ ಕೆಂಪಮ್ಮ, ನಾನು.