ಹುಲಿಗೆಮ್ಮನಿಗೆ ಕೊಟ್ಟ ಬೈ

ಹುಲಿಗೆಮ್ಮಾ, ನಿನ್ನ ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲ. ಹದಿನೆಂಟು ವರ್ಷದ ಹಿಂದೆ ಹೊಸಪೇಟೆಯ ಮೈದಾನದಲ್ಲಿ, ತಾಲೂಕು ಮಟ್ಟದ ಹೈಸ್ಕೂಲು ಹುಡುಗಿಯರ ಫುಟ್‌ಬಾಲ್ ಪಂದ್ಯದ ದಿನ, ನೀನು ಕೇಳಿಸಿಕೊಂಡದ್ದು ಒಂದಕ್ಷರವೂ ತಪ್ಪಾಗಿರಲಿಲ್ಲ. ತಪ್ಪು ಇದ್ದದ್ದು ನನ್ನ ಬಾಯಲ್ಲಿ. ಬಾಯಿ ತಪ್ಪಿ ಬಂದ ಮಾತೂ ಅಲ್ಲ ಅದು — ತಿಳಿದೂ ತಿಳಿದೂ, ನಿನ್ನ ಮುಖ ನೋಡುತ್ತಲೇ ಹೇಳಿದ ಸುಳ್ಳು.

ಇದನ್ನು ಹೇಳಲು ಇಷ್ಟು ವರ್ಷ ತೆಗೆದುಕೊಂಡೆ. ಹಾಗೆಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ವರ್ಷಗಟ್ಟಲೆ ಮೈದಾನದಲ್ಲಿ ಸೀಟಿ ಊದಿದ ಬಾಯಿ ಇದು; ಮೆಲ್ಲಗೆ ಮಾತಾಡಲು ಬರುವುದಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ. ನಿನ್ನ ಕಣ್ಣಿಗೆ ಬೀಳದ ಅರ್ಧವನ್ನು ನಿನ್ನ ಮುಂದಿಡುತ್ತೇನೆ, ಅಷ್ಟೇ.

ಆಗ ಕಂಪ್ಲಿ ಇನ್ನೂ ಹೊಸಪೇಟೆ ತಾಲೂಕಿನಲ್ಲೇ ಇತ್ತು. ನಾನು ಹಂಪಿ ದಾರಿಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ; ಆ ವರ್ಷ ತಾಲೂಕಿನ ಹುಡುಗಿಯರ ಫುಟ್‌ಬಾಲಿಗೆ ಸಂಚಾಲಕಿಯೂ ನಾನೇ. ಹೆಸರು ಕೊಟ್ಟದ್ದು ಮೂರೇ ತಂಡ — ಹೊಸಪೇಟೆಯದೊಂದು, ನಿಮ್ಮ ಕಂಪ್ಲಿಯದೊಂದು, ನಮ್ಮದೊಂದು. ಮೂರು ತಂಡವಿದ್ದಾಗ ಇಬ್ಬರು ಆಡಬೇಕು, ಗೆದ್ದವರು ಮರುದಿನ ಮೂರನೆಯವರ ಜೊತೆ ಫೈನಲ್ ಆಡಬೇಕು. ಆ ಮೂರನೆಯವರು ಆಡದೆಯೇ ಮುಂದಕ್ಕೆ ಹೋಗುತ್ತಾರಲ್ಲ, ಅದಕ್ಕೆ ಆಟದ ಭಾಷೆಯಲ್ಲಿ ‘ಬೈ’ ಎನ್ನುತ್ತಾರೆ. ಅದು ಯಾರಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವ ಪದ್ಧತಿ. ಬೆಳಿಗ್ಗೆ ಚೀಟಿ ಎತ್ತಿದಾಗ ಬೈ ಬಂದದ್ದು ಹೊಸಪೇಟೆಯವರಿಗೆ. ನೀವೂ ನಾವೂ ಮಧ್ಯಾಹ್ನ ಎರಡಕ್ಕೆ ಆಡಬೇಕಿತ್ತು.

ನಿಮ್ಮ ಬಸ್ಸು ತಡವಾಗಿತ್ತು. ನೀವು ಬಂದಾಗ ಹತ್ತೂವರೆ. ನಿಮ್ಮ ಶಾಲೆಗೆ ಆಟದ ಮೇಷ್ಟ್ರೇ ಇರಲಿಲ್ಲ. ಜೊತೆಗೆ ಬಂದಿದ್ದ ಹಿಂದಿ ಮೇಷ್ಟ್ರು ನಿಮ್ಮನ್ನು ಗೇಟಿನಲ್ಲಿ ಇಳಿಸಿ ಏನೋ ಕೆಲಸವೆಂದು ಹೋಗಿದ್ದರು. ಯಾರು ಯಾರ ಜೊತೆ ಎಷ್ಟು ಹೊತ್ತಿಗೆ ಆಡಬೇಕೆಂದು ಬರೆದ ಫಿಕ್ಸ್ಚರ್ ಹಾಳೆ ನನ್ನ ಕೈಯಲ್ಲಿತ್ತು, ಬೇರೆ ಎಲ್ಲೂ ಇರಲಿಲ್ಲ. ಶಾಮಿಯಾನದಲ್ಲಿ ಬೇರೆ ಮೇಷ್ಟ್ರುಗಳು ಉಪ್ಪಿಟ್ಟು ತಿನ್ನುತ್ತಿದ್ದರು. ನೀನು ಒಬ್ಬಳೇ ಓಡಿ ಬಂದೆ — ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಬರಿಗಾಲು.

“ಟೀಚರ್, ನಮ್ದು ಆಟ ಎಷ್ಟೊತ್ತಿಗ್ರಿ?”

“ನಿಮಗ ಬೈ ಬಂದೈತಿ. ಇವತ್ತು ಆಟ ಇಲ್ಲ. ನಾಳೆ ಬರ್ರಿ.”

ಇಷ್ಟೇ. ನಿನಗೆ ಬೈ ಎಂದರೇನೆಂದು ಗೊತ್ತಿತ್ತು. ಕುಣಿದುಬಿಟ್ಟೆ. “ಹಂಗಾದ್ರ ನಾಳೆ ಒಂದು ಗೆದ್ರ ಜಿಲ್ಲಾಕ್ಕ ಹೋಗ್ತೀವಲ್ರಿ ಟೀಚರ್? ನಮ್ಮಣ್ಣ ಅಂದಾನ್ರಿ, ಜಿಲ್ಲಾಕ್ಕ ಹೋದ್ರ ಕಾಲೇಜಿಗೆ ಹಚ್ತೀನಿ ಅಂತ.” ಅಲ್ಲಿ ಆಡಿದ ಪ್ರಮಾಣಪತ್ರ ಸಿಕ್ಕರೆ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಹೋಗಬಹುದು ಎಂಬುದೂ ನಿನಗೆ ಗೊತ್ತಿತ್ತು. ನಾನು “ಹೂಂ” ಎಂದೆ. ಆ ‘ಹೂಂ’ ಇದೆಯಲ್ಲ — ಸುಳ್ಳಿಗಿಂತ ಅದೇ ನನ್ನನ್ನು ಹೆಚ್ಚು ತಿಂದದ್ದು.

ನೀವು ಹನ್ನೊಂದರ ಬಸ್ಸಿಗೇ ವಾಪಸ್ಸು ಹೋದಿರಿ. ಎರಡಕ್ಕೆ ನಮ್ಮ ಹುಡುಗಿಯರು ಸಾಲಾಗಿ ನಿಂತರು. ರೆಫರಿ ಸೀಟಿ ಊದಿದರು, ಹದಿನೈದು ನಿಮಿಷ ಕಾದರು, ಮತ್ತೊಮ್ಮೆ ಊದಿ, ನಾವು ಆಡದೆಯೇ ಗೆದ್ದೆವೆಂದು ನಮಗೆ ವಾಕ್‌ಓವರ್ ಕೊಟ್ಟರು. ಹಾಳೆಯಲ್ಲಿ “ಕಂಪ್ಲಿ ತಂಡ ಗೈರುಹಾಜರು” ಎಂದು ಬರೆದವಳು ನಾನು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದೇ.

ಏಕೆ ಮಾಡಿದೆ? ಅದಕ್ಕೆ ಒಂದು ವಾರ ಮುಂಚೆ ಮದುವೆಯೊಂದಕ್ಕೆ ಕಂಪ್ಲಿಗೆ ಬಂದಿದ್ದೆ. ಅಕ್ಕಿ ಗಿರಣಿಯ ಹಿಂದೆ, ಭತ್ತ ಒಣಗಿಸುವ ಸಿಮೆಂಟಿನ ಕಣದಲ್ಲಿ, ಎರಡು ಖಾಲಿ ಚೀಲವನ್ನೇ ಗೋಲು ಮಾಡಿಕೊಂಡು ನೀವು ಆಡುತ್ತಿದ್ದಿರಿ. ಸಿಮೆಂಟಿನ ಮೇಲೆ ಹಾರಿ ಬಿದ್ದು ಚೆಂಡು ಹಿಡಿಯುವ ಹುಡುಗಿಯನ್ನು ನಾನು ಮೊದಲು ನೋಡಿದ್ದು ಅಲ್ಲಿಯೇ. ಮೊಣಕೈ ಕಿತ್ತುಹೋಗಿ ರಕ್ತ ಬರುತ್ತಿದ್ದರೂ ಒಂದೇ ಕೈಯಲ್ಲಿ ಚೆಂಡು ಹಿಡಿದು ನಗುತ್ತಿದ್ದವಳು ನೀನು. ಈ ಹುಡುಗಿ ಗೋಲಿನಲ್ಲಿ ನಿಂತರೆ ನಾವು ಗೆಲ್ಲುವುದಿಲ್ಲ ಎಂದು ಅವತ್ತೇ ಗೊತ್ತಾಯಿತು.

ತಾಲೂಕಿನ ದೈಹಿಕ ಶಿಕ್ಷಕರಲ್ಲಿ ಆಗ ಹೆಂಗಸು ನಾನೊಬ್ಬಳೇ. “ನೀವು ರಂಗೋಲಿ ಸ್ಪರ್ಧೆ ನೋಡ್ಕೊಳ್ರಿ ಮೇಡಂ” ಎಂದು ಚುಡಾಯಿಸುತ್ತಿದ್ದರು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅವರು ಚುಡಾಯಿಸಿದ್ದಕ್ಕೂ ನಿನಗೆ ಸುಳ್ಳು ಹೇಳಿದ್ದಕ್ಕೂ ನಡುವೆ ಸೇತುವೆ ಕಟ್ಟಲು ಎಷ್ಟೋ ಸಲ ನೋಡಿದ್ದೇನೆ — ನಿಲ್ಲುವುದಿಲ್ಲ. ನನಗೆ ಜಿಲ್ಲೆಗೆ ತಂಡ ಕರೆದುಕೊಂಡು ಹೋದವಳು ಎಂಬ ಹೆಸರು ಬೇಕಿತ್ತು. ಬಂತು. ಫೈನಲನ್ನು ಒಂದು ಗೋಲಿನಿಂದ ಗೆದ್ದೆವು. ಬಳ್ಳಾರಿಯಲ್ಲಿ ಮೊದಲ ಪಂದ್ಯದಲ್ಲೇ ನಾಲ್ಕು ಗೋಲಿನಿಂದ ಸೋತು ಬಂದೆವು.

ಆದರೆ ಫೈನಲಿನ ಬೆಳಿಗ್ಗೆ ನೀವು ಬಂದಿರಲ್ಲ... ಹನ್ನೊಂದು ಹುಡುಗಿಯರೂ ಜರ್ಸಿ ಹಾಕಿಕೊಂಡೇ ಬಸ್ಸಿಳಿದು ಬಂದಿರಿ. ನೀವು ನಿನ್ನೆಯೇ ಹೊರಗೆ ಬಿದ್ದಿದ್ದೀರಿ ಎಂದು ಯಾರೋ ಹೇಳಿದರು. ನಿನ್ನ ಜೊತೆಗಾರ್ತಿಯರೆಲ್ಲ ನಿನ್ನ ಕಡೆ ತಿರುಗಿದರು, ನೀನು ನನ್ನ ಕಡೆ ತಿರುಗಿದೆ. ನಾನು ಲೈನಿಗೆ ಸುಣ್ಣ ಹಾಕಿಸುವ ನೆಪದಲ್ಲಿ ಮೈದಾನದ ಆ ತುದಿಗೆ ಹೋದೆ.

ನಿಮ್ಮ ಹೆಡ್‌ಮಾಸ್ತರರು ದೂರು ಬರೆದರು. ನನ್ನಿಂದ ವಿವರಣೆ ಕೇಳಿದರು. ಒಂದೇ ಸಾಲು ಬರೆದುಕೊಟ್ಟೆ: “ವಿದ್ಯಾರ್ಥಿನಿಯು ತಪ್ಪಾಗಿ ಕೇಳಿಸಿಕೊಂಡಿರುತ್ತಾಳೆ.” ಹದಿನಾರರ ಹುಡುಗಿಯ ಮಾತಿನ ಎದುರು ಸಂಚಾಲಕಿಯ ಸಹಿ. ಯಾರನ್ನು ನಂಬುತ್ತಾರೆ? ಮೊದಲ ಸುಳ್ಳನ್ನು ಆಸೆಗೆ ಬಿದ್ದು ಹೇಳಿದೆ ಎನ್ನಬಹುದು. ಎರಡನೆಯದನ್ನು ಕುರ್ಚಿಯಲ್ಲಿ ಕೂತು, ಪೆನ್ನಿಗೆ ಶಾಯಿ ತುಂಬಿಸಿಕೊಂಡು ಬರೆದೆ.

ಆಮೇಲೆ ನನಗೆ ಸಂಡೂರು ತಾಲೂಕಿಗೆ ವರ್ಗವಾಯಿತು. ಈಗ ವಡ್ಡು ಹತ್ತಿರದ ಶಾಲೆಯಲ್ಲಿದ್ದೇನೆ. ಇನ್ನೆರಡು ವರ್ಷಕ್ಕೆ ನಿವೃತ್ತಿ. ನಿನ್ನನ್ನು ಮರೆತಿದ್ದೆ ಎಂದರೆ ಅದೂ ಸುಳ್ಳೇ. ಮರೆತವಳ ಹಾಗೆ ಇದ್ದೆ.

ಹೋದ ತಿಂಗಳು ಶಾಲೆಯ ಮಕ್ಕಳನ್ನು ಕರೆದುಕೊಂಡು ಹಂಪಿಗೆ ಬಂದಾಗ, ಬಾಡಿಗೆ ಸೈಕಲ್ಲಿನ ಅಂಗಡಿಯ ಮುಂದೆ ಒಬ್ಬ ಪ್ರವಾಸಿ ಸೈಕಲ್ಲಿನ ಕೀಲಿಯನ್ನು ದೂರದಿಂದಲೇ ಎಸೆದ. ಅಂಗಡಿಯ ಹೆಂಗಸು ಪಂಪ್ ಹೊಡೆಯುತ್ತಿದ್ದವಳು, ತಲೆ ಎತ್ತದೆ ಎಡಗೈ ಚಾಚಿ ಹಿಡಿದಳು. ಮುಖ ನೋಡುವ ಮೊದಲೇ ನನಗೆ ನೀನೆಂದು ತಿಳಿಯಿತು.

ನೀನೂ ಗುರುತು ಹಿಡಿದೆ. ಕುರ್ಚಿ ಒರೆಸಿ “ಕುಂದ್ರಿ ಟೀಚರ್” ಎಂದೆ. ಚಹಾ ತರಿಸಿದೆ. ನಾನು ಹತ್ತು ಸೈಕಲ್ ಬೇಕು, ಎರಡು ತಾಸಿಗೆ ಎಂದೆ. “ಹತ್ತಾ ಟೀಚರ್? ಎರಡು ತಾಸಿಗಾ?” ಎಂದು ನೀನು ಮತ್ತೆ ಕೇಳಿದೆ. ಹೌದೆಂದರೂ ಇನ್ನೊಮ್ಮೆ ಕೇಳಿದೆ. ಆಮೇಲೆ ನೀನೇ ನಕ್ಕು ಹೇಳಿದೆ —

“ಬ್ಯಾಸರ ಮಾಡ್ಕೋಬ್ಯಾಡ್ರಿ. ಅವತ್ತು ನಿಮ್ಮ ಮಾತು ತಪ್ಪು ಕೇಳಿಸ್ಕೊಂಡು ಹತ್ತು ಹುಡುಗ್ಯಾರ ಆಟ ಹಾಳು ಮಾಡಿದ್ನಲ್ರಿ, ಅವತ್ತಿಂದ ಏನ ಹೇಳಿದ್ರೂ ಎರಡೆರಡು ಸಲ ಕೇಳ್ತೀನಿ. ಕಂಪ್ಲ್ಯಾಗ ಇನ್ನೂ ನನ್ನ ‘ಬೈ ಹುಲಿಗೆಮ್ಮ’ ಅಂತಾನ ಕರಿತಾರ್ರಿ.”

ಅಣ್ಣ ಕಾಲೇಜಿಗೆ ಹಚ್ಚಲಿಲ್ಲ ಎಂದೆ ನೀನು. ಅದನ್ನೂ ನಗುತ್ತಲೇ ಹೇಳಿದೆ. ಆಗಲೇ ನಾನು ಬಾಯಿ ಬಿಡಬೇಕಿತ್ತು. ನೀನು ಎದುರಿಗೇ ಇದ್ದೆ, ಚಹಾದ ಲೋಟ ನನ್ನ ಕೈಯಲ್ಲಿತ್ತು, ಮಕ್ಕಳು ಸೈಕಲ್ಲಿಗೆ ಕಿತ್ತಾಡುತ್ತಿದ್ದರು — ನಾನು ಬಿಸಿ ಚಹಾವನ್ನು ಗಟಗಟ ಕುಡಿದು ಎದ್ದುಬಿಟ್ಟೆ. ಲೆಕ್ಕ ಇಡುವುದಾದರೆ ಇದು ಮೂರನೆಯ ಸುಳ್ಳು.

ಕಳೆದ ವಾರ ಸಂಡೂರಿನಲ್ಲಿ ಈ ವರ್ಷದ ಪಂದ್ಯಗಳ ಸಭೆ ಇತ್ತು. ಹುಡುಗಿಯರ ಫುಟ್‌ಬಾಲಿಗೆ ಇಲ್ಲೂ ಮೂರೇ ತಂಡ, ಸಂಚಾಲಕಿ ಮತ್ತೆ ನಾನು. ಎದ್ದು ನಿಂತು ಹೇಳಿದೆ: ಚೀಟಿಯೂ ಬೇಡ, ಬೈಯೂ ಬೇಡ. ಪ್ರತಿ ತಂಡವೂ ಪ್ರತಿ ತಂಡದ ಜೊತೆ ಆಡಲಿ. ಹೆಚ್ಚು ಅಂಕ ಯಾರದೋ ಅವರು ಜಿಲ್ಲೆಗೆ ಹೋಗಲಿ. ಸಮವಾದರೆ ಮತ್ತೆ ಆಡಲಿ. ಫಿಕ್ಸ್ಚರ್ ಒಬ್ಬರ ಕೈಯಲ್ಲಿರಬಾರದು — ಗೋಡೆಯ ಮೇಲೆ ದೊಡ್ಡದಾಗಿ ಬರೆಯಬೇಕು, ಕೆಳಗೆ ಎಲ್ಲ ಕ್ಯಾಪ್ಟನ್ನರ ಸಹಿ ಇರಬೇಕು. ತಂಡ ಬಾರದಿದ್ದರೆ ಶಾಲೆಗೆ ಫೋನು ಹೋಗದೆ ಯಾರಿಗೂ ವಾಕ್‌ಓವರ್ ಕೊಡಬಾರದು.

ಕುರೆಕುಪ್ಪದ ಕಡೆಯ ಮೇಷ್ಟ್ರೊಬ್ಬರು ಗಡಿಯಾರ ನೋಡಿಕೊಂಡರು. “ಒಂದು ದಿನದಾಗ ಮುಗಿಯೋ ಆಟಕ್ಕ ಮೂರು ದಿನ ಯಾಕ ಮೇಡಂ? ಮಕ್ಕಳ ಆಟದಾಗ ಮೋಸ ಯಾರು ಮಾಡ್ತಾರ್ರಿ?”

“ನಾ ಮಾಡೀನ್ರಿ,” ಎಂದೆ.

ನಿನ್ನ ಹೆಸರು ಹೇಳಿದೆ, ಊರು ಹೇಳಿದೆ, ನಾನು ಬರೆದುಕೊಟ್ಟ ಆ ಸಾಲನ್ನೂ ಹೇಳಿದೆ. ಅದೇ ಮೇಷ್ಟ್ರು ಆಮೇಲೆ ನನ್ನ ಹತ್ತಿರ ಬಗ್ಗಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದರು: “ಪೆನ್ಶನ್ ಹತ್ರ ಬಂದೈತಿ. ಹಳೇದೆಲ್ಲ ಯಾಕ ಕೆದಕ್ತೀರಿ? ಸುಮ್ನ ಕುಂದ್ರಿ ಮೇಡಂ.”

ಸುಮ್ಮನೆ ಕೂತೇ ಹದಿನೆಂಟು ವರ್ಷ ಕಳೆದೆ. ಇನ್ನು ಕೂರುವುದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ — ಈಕೆ ತನ್ನ ತಪ್ಪನ್ನು ನಿಯಮದ ತಲೆಗೆ ಕಟ್ಟುತ್ತಿದ್ದಾಳೆ ಎಂದು ಕೆಲವರು ಆಡಿಕೊಂಡರು. ಆಡಿಕೊಳ್ಳಲಿ. ನೆಲ ಡೊಂಕಾಗಿದ್ದದ್ದೂ ನಿಜ, ನಾನು ಬೇಕೆಂದೇ ಕಾಲು ಅಡ್ಡ ಕೊಟ್ಟದ್ದೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಲು ಬಿಡುವುದಿಲ್ಲ. ಒಬ್ಬ ಮೇಷ್ಟ್ರ ನಾಲಿಗೆಯ ಮೇಲೆ ಹನ್ನೊಂದು ಮಕ್ಕಳ ವರ್ಷವನ್ನು ಇಡುವ ನಿಯಮ ಕೆಟ್ಟ ನಿಯಮವೇ — ಆ ನಾಲಿಗೆ ನನ್ನದಾಗಿತ್ತು, ಆದ್ದರಿಂದ ನನಗೆ ಚೆನ್ನಾಗಿ ಗೊತ್ತು.

ಸಭೆ “ಮುಂದೆ ನೋಡೋಣ” ಎಂದಿದೆ. ನಾನು ನೋಡುತ್ತಾ ಕೂರುವವಳಲ್ಲ. ಮೂರು ತಂಡಕ್ಕೂ ಪತ್ರ ಹೋಗಿದೆ. ಎಲ್ಲರೂ ಎಲ್ಲರ ಜೊತೆ ಆಡುತ್ತಾರೆ. ನಮ್ಮ ಶಾಲೆಯ ಕಾಂಪೌಂಡ್ ಗೋಡೆಗೆ ಸುಣ್ಣ ಹೊಡೆಸಿದ್ದೇನೆ, ಫಿಕ್ಸ್ಚರನ್ನು ಅದರ ಮೇಲೆಯೇ ಬರೆಯುತ್ತೇನೆ. ನನ್ನ ಹಳೆಯ ವಿವರಣೆ ಸುಳ್ಳೆಂದು ಇಲಾಖೆಗೂ ಸಹಿ ಹಾಕಿ ಬರೆದುಕೊಟ್ಟಾಗಿದೆ. ಏನು ಕ್ರಮ ಬೇಕಾದರೂ ತೆಗೆದುಕೊಳ್ಳಲಿ, ಮಾಡಿದ್ದುಣ್ಣೋ ಮಹಾರಾಯ. ಇದರಿಂದ ನಿನ್ನ ಕಾಲೇಜು ಮರಳಿ ಬರುವುದಿಲ್ಲ ಎಂದು ಗೊತ್ತು. ಏನು ಮಾಡಿದರೂ ಬರುವುದಿಲ್ಲ.

ಬರುವ ಭಾನುವಾರ ಈ ಕಾಗದವನ್ನು ನಾನೇ ತಂದು ನಿನ್ನ ಕೈಯಲ್ಲಿ ಕೊಟ್ಟು, ನೀನು ಓದಿ ಮುಗಿಸುವ ತನಕ ಅಂಗಡಿಯ ಮುಂದೆ ನಿಂತಿರುತ್ತೇನೆ. ಕುರ್ಚಿ ಒರೆಸಬೇಡ, ಚಹಾ ತರಿಸಬೇಡ. ಎರಡೆರಡು ಸಲ ಓದಲೂ ಬೇಡ — ಅವತ್ತು ನೀನು ಸರಿಯಾಗಿಯೇ ಕೇಳಿಸಿಕೊಂಡಿದ್ದೆ, ಇವತ್ತೂ ಒಂದೇ ಸಲಕ್ಕೆ ಸರಿಯಾಗಿಯೇ ಓದುತ್ತೀ. ನಾನು ಕೊಟ್ಟ ಒಂದು ಸುಳ್ಳು ಬೈಗಾಗಿ ಊರಿನವರಿಂದ ಇಷ್ಟು ವರ್ಷ ಬೈಸಿಕೊಂಡವಳು ನೀನು. ಆ ಬೈಗುಳ ನನ್ನ ಪಾಲಿನದು. ಓದಿದ ಮೇಲೆ ಟೀಚರ್ ಎಂದು ನೋಡಬೇಡ, ವಯಸ್ಸಾಗಿದೆ ಎಂದೂ ನೋಡಬೇಡ. ಹಂಪಿ ಬಜಾರಿಗೆಲ್ಲ ಕೇಳುವ ಹಾಗೆ ಬೈ, ಹುಲಿಗೆಮ್ಮಾ. ಬೈ.